ಗನ್ನಿನ ಮೂತಿಗೆ ಹಾಕಿದ ಕ್ಲಿಪ್ಪು

ಈ ಕೆಲಸಕ್ಕೆ ಸೇರಿದವರಿಗೆ ಕಂಪನಿಯವರು ಮೊದಲ ದಿನವೇ ಒಂದು ಬ್ಯಾಗು, ಒಂದು ಜೊತೆ ಬೂಟು, ಒಂದು ಹಸಿರು ಕನ್ನಡಕ ಕೊಡುತ್ತಾರೆ. ಬ್ಯಾಗು ಮೂರು ವರ್ಷ ಬಾಳುತ್ತೆ. ಬೂಟು ಒಂದು ಮಳೆಗಾಲ. ಕನ್ನಡಕ ಬ್ಯಾಗಿನ ತಳದಲ್ಲಿ ಹೊಸದಾಗೇ ಉಳಿದುಬಿಡುತ್ತೆ. ನಾನು ರಿಟೈರಾದ ದಿನ ವಾಪಸು ಕೊಟ್ಟ ಸಾಮಾನಿನಲ್ಲಿ ಗೀರು ಬೀಳದೆ ಇದ್ದದ್ದು ಅದೊಂದೇ. ನಗಬೇಡಿ. ಹೊಸದಾಗಿ ಈ ಕೆಲಸಕ್ಕೆ ಬಂದ ನೀವೂ ನಿಮ್ಮದನ್ನು ಒಂದು ಸಲ ತೆಗೆದು ನೋಡಿ.

ನಾನು ದಾವಣಗೆರೆಯ ಒಂದು ಕಂಪನಿಯಲ್ಲಿ ಸರ್ವಿಸ್ ಕೆಲಸದಲ್ಲಿದ್ದೆ. ಮೆಷಿನ್ನು ಮಾರುವವರು ಬೇರೆ, ಮಾರಿದ ಮೇಲೆ ಬೈಸಿಕೊಳ್ಳುವವರು ನಾವು. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ನನ್ನ ಪಾಲಿನ ತಾಲ್ಲೂಕುಗಳು. ಮೊದಲು ವೆಲ್ಡಿಂಗ್ ಸೆಟ್ಟು, ಆಮೇಲೆ ತಗಡು ಕತ್ತರಿಸುವ ಪ್ಲಾಸ್ಮಾ, ಕಡೆಯ ಹನ್ನೆರಡು ವರ್ಷ ಲೇಸರು. ಪ್ರಮೋಷನ್ನಿನ ಕಥೆ ಕೇಳಬೇಡಿ. ವಿಸಿಟಿಂಗ್ ಕಾರ್ಡಿನಲ್ಲಿ ಹೆಸರಿನ ಕೆಳಗೆ 'ಸೀನಿಯರ್' ಅಂತ ಸೇರಿಸಿದರು, ಕೂತುಕೊಳ್ಳುತ್ತಿದ್ದದ್ದು ಅದೇ ಬಸ್ಸಿನ ಅದೇ ಕಿಟಕಿ ಸೀಟಿನಲ್ಲಿ.

ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ನ್ಯಾಮತಿಯ ಒಬ್ಬ ಹೆಣ್ಣುಮಗಳ ಬಲಗಣ್ಣು ನನ್ನ ಬಾಯಿಂದ ಬಂದ ಒಂದು ಮಾತಿನಿಂದ ಹೋಯಿತು. ಹೋದದ್ದು ಅವಳದೇ ತಪ್ಪಿನಿಂದ ಅಂತ ಕಾಗದದ ಮೇಲೆ ಬರೆದವನೂ ನಾನೇ. ಅದನ್ನು ಮುಚ್ಚಿಟ್ಟು ಬೇರೆಲ್ಲ ಹೇಳಿದರೆ ನಾನು ಹೇಳಿದ್ದಕ್ಕೆ ಬೆಲೆ ಇರುವುದಿಲ್ಲ. ಆದರೆ ಆ ಮಾತು ಹೆಂಗೆ ಬಂತು ಅನ್ನುವುದು ನಿಮಗೆ ತಿಳಿಯಬೇಕಾದರೆ ಸ್ವಲ್ಪ ಹಿಂದಿನಿಂದ ಬರಬೇಕು.

ನಾನು ಹುಟ್ಟಿದ್ದು ಉಬ್ರಾಣಿ ಕಡೆ. ಮಾತು ಕಲಿತದ್ದು ನಮ್ಮಜ್ಜಿಯ ಹತ್ತಿರ. ಆಕೆ ಬೈಯುವಾಗಲೂ ಒಂದು ಕಥೆ ಹೇಳಿ ಬೈಯುತ್ತಿದ್ದಳು, ಬೈಸಿಕೊಂಡವನು ನಗುತ್ತಾ ಎದ್ದು ಹೋಗುತ್ತಿದ್ದ. ಈ ಕೆಲಸದಲ್ಲಿ ನನಗೆ ಅದೇ ಕೈ ಹಿಡಿಯಿತು. ಶೆಡ್ಡಿಗೆ ಹೋದರೆ ಮೊದಲು ಟೀ, ಆಮೇಲೆ ಊರ ಸುದ್ದಿ, ಆಮೇಲೆ ಮೆಷಿನ್ನು. ಜನಕ್ಕೆ ನಾನು ಅಂದರೆ ಪ್ರೀತಿ ಇತ್ತು. ನನಗೂ ಆ ಪ್ರೀತಿಯ ರುಚಿ ಹತ್ತಿತ್ತು. ಕೆಟ್ಟದ್ದೆಲ್ಲ ಅಲ್ಲಿಂದಲೇ ಶುರುವಾಯಿತು ಅಂತ ಈಗ ಅನಿಸುತ್ತೆ.

ಹಳೆಯ ಆರ್ಕ್ ವೆಲ್ಡಿಂಗಿನಲ್ಲಿ ಒಂದು ಅನುಕೂಲ ಇತ್ತು. ಅದು ನೋಯಿಸುತ್ತಿತ್ತು. ಬರಿಗಣ್ಣಲ್ಲಿ ನೋಡಿದವನು ಸಂಜೆ ಮನೆಗೆ ಹೋದ ಮೇಲೆ ಕಣ್ಣಿಗೆ ಮರಳು ಸುರಿದ ಹಾಗೆ ಒದ್ದಾಡುತ್ತಿದ್ದ, ಆಲೂಗಡ್ಡೆ ಹೆಚ್ಚಿ ರೆಪ್ಪೆಯ ಮೇಲೆ ಇಟ್ಟುಕೊಳ್ಳುತ್ತಿದ್ದ. ಮಾರನೇ ದಿನ ಯಾರೂ ಹೇಳದೆ ಕಪ್ಪು ಗ್ಲಾಸು ಹಿಡಿಯುತ್ತಿದ್ದ. ನೋವೇ ಮೇಷ್ಟ್ರು. ಆದರೆ ತಗಡು ಕತ್ತರಿಸುವ ಈ ಫೈಬರ್ ಲೇಸರಿನ ಕಿರಣ ಕಣ್ಣಿಗೆ ಕಾಣುವುದಿಲ್ಲ, ನೋಯುವುದೂ ಇಲ್ಲ. ಕಣ್ಣಿನ ಹಿಂದಿನ ಪರದೆಯನ್ನು ಸುಟ್ಟು ಸುಮ್ಮನೆ ಹೊರಟುಹೋಗುತ್ತೆ. ಮೂವತ್ತು ವರ್ಷ ನೋವಿನಿಂದ ಕಲಿತ ಜನಕ್ಕೆ ನೋವಿಲ್ಲದ ಅಪಾಯವನ್ನು ಹೆಂಗೆ ತಿಳಿಸಬೇಕು ಅಂತ ಕಂಪನಿಯವರು ನನಗೆ ಹೇಳಿಕೊಡಲಿಲ್ಲ. ಮೂರು ದಿನದ ಟ್ರೇನಿಂಗಿನಲ್ಲಿ ಎರಡೂವರೆ ದಿನ ಮೆಷಿನ್ನಿನ ಗುಣಗಾನ, ಅರ್ಧ ದಿನ ಊಟ.

ನನ್ನ ಸೀಮೆಗೆ ಮೊದಲ ಲೇಸರ್ ಕಟಿಂಗ್ ಮೆಷಿನ್ನು ಬಂದದ್ದು ಚನ್ನಗಿರಿಯಲ್ಲಿ ಬಸವರಾಜಪ್ಪನವರ ಶೆಡ್ಡಿಗೆ. ದೊಡ್ಡ ಪೆಟ್ಟಿಗೆಯಂಥ ಮೆಷಿನ್ನು, ಒಳಗೆ ತಗಡು ಕತ್ತರಿಸುತ್ತೆ, ನೋಡುವುದಕ್ಕೆ ಪಕ್ಕದಲ್ಲಿ ಕಡು ಹಸಿರು ಬಣ್ಣದ ಕಿಟಕಿ. ಆ ಹಸಿರು ಚೆಂದಕ್ಕೆ ಅಲ್ಲ, ಕಿರಣವನ್ನು ಒಳಗೇ ತಡೆಯುವುದಕ್ಕೆ ಅಂತಲೇ ಮಾಡಿದ್ದು. ಮೊದಲ ವಾರ ಬಸವರಾಜಪ್ಪನವರು ಫೋನ್ ಮಾಡಿದರು.

"ರುದ್ರಣ್ಣ, ಈ ಮೆಷಿನ್ ಮ್ಯಾಲೆ ಹಳದಿ ಸ್ಟಿಕ್ಕರ್ ಐತಲ್ಲ, ಅದರಾಗೆ ರೇಡಿಯೇಷನ್ ಅಂತ ಬರದೈತಂತೆ. ಯಾರೋ ಓದಿ ಹೇಳ್ಯಾರೆ. ಇಬ್ರು ಕೆಲ್ಸ ಬಿಟ್ರು. ಒಬ್ಬನ ಹೆಂಡ್ತಿ ಬಂದು ಮಕ್ಳಾಗ್ತಾವೋ ಇಲ್ಲೋ ಅಂತ ನನ್ನ ಕೇಳ್ತಾಳೆ. ನಾನೇನು ಹೇಳ್ಲಿ?"

"ಅದು ಎಕ್ಸ್‌ರೇ ಥರದ್ದಲ್ಲ ಅಣ್ಣೋರೆ. ಬೆಳಕು. ಬರೀ ಬೆಳಕು. ಆದ್ರೆ ಕಣ್ಣಿಗೆ ಬಿದ್ರೆ ಕಣ್ಣು ಹೋಗ್ತೈತೆ, ಮೈಗೆ ಬಿದ್ರೆ ಸುಡ್ತೈತೆ."

"ಮಕ್ಳಾಗ್ತಾವಲ್ಲ?"

"ಆಗ್ತಾವೆ."

"ಅಷ್ಟು ಸಾಕು ಬಿಡು."

ನಾನು ಹೋಗುವಷ್ಟರಲ್ಲಿ ಸ್ಟಿಕ್ಕರನ್ನು ಬ್ಲೇಡಿನಲ್ಲಿ ಕೆರೆದು ಆ ಜಾಗಕ್ಕೆ ದೇವರ ಫೋಟೋ ಅಂಟಿಸಿದ್ದರು. ನಾನು ಹೇಳಿದ್ದರಲ್ಲಿ ಮಕ್ಕಳ ಮಾತು ಶೆಡ್ಡಿಗೆಲ್ಲ ಮುಟ್ಟಿತ್ತು, ಕಣ್ಣಿನ ಮಾತು ಬಸವರಾಜಪ್ಪನವರ ಕಿವಿಯಲ್ಲೇ ಉಳಿದಿತ್ತು. ಸ್ಟಿಕ್ಕರ್ ಹೋದ ಮೇಲೆ ಕಿಟಕಿಯ ಸರದಿ. ಸಂತೆ ದಿನ ಗೇಟು ಮಾಡಿಸುವ ಗಿರಾಕಿಗಳು ಹೆಚ್ಚು ಬರುತ್ತಿದ್ದರು. ತಗಡಿನಲ್ಲಿ ನವಿಲು ಕೊರೆಯುವುದನ್ನು ನೋಡಬೇಕು ಅನ್ನುವುದು ಅವರ ಆಸೆ. ಹಸಿರು ಕಿಟಕಿಯಲ್ಲಿ ನವಿಲು ಸರಿಯಾಗಿ ಕಾಣುವುದಿಲ್ಲ. ಬಸವರಾಜಪ್ಪನವರು ಅದನ್ನು ಕೀಳಿಸಿ ಅಂಗಡಿಯ ಶೋಕೇಸಿಗೆ ಹಾಕುವ ಬಿಳಿ ಗಾಜು ಕೂರಿಸಿದರು. ಎದುರಿಗೆ ಒಂದು ಬೆಂಚು ಬೇರೆ.

"ಅಣ್ಣೋರೆ, ಈ ಗಾಜು ಲೇಸರಿಗೆ ಇದ್ದೂ ಇಲ್ದಂಗೆ. ನೋಡಾಕೆ ಕೂತೋರ ಕಣ್ಣಿಗೆ ನೇರ ಬರ್ತೈತೆ."

"ನೋಡಾಕೆ ಬಂದೋರಿಗೆ ಕಾಣಬೇಕಲ್ರಿ ರುದ್ರಣ್ಣ! ಕತ್ಲೆ ತೋರ್ಸಾಕೆ ಇಷ್ಟು ದೊಡ್ಡ ಮೆಷಿನ್ ತಂದ್ನಾ ನಾನು?"

ಆವತ್ತು ನಾನು ಮೆಷಿನ್ನು ಆಫ್ ಮಾಡಿ ಕೀಲಿಯನ್ನು ಜೇಬಿಗೆ ಹಾಕಿಕೊಂಡೆ. ಹಸಿರು ಕಿಟಕಿ ವಾಪಸು ಬರೋವರೆಗೂ ಕೊಡುವುದಿಲ್ಲ ಅಂದೆ. ಸರಿಯಾದ ಕೆಲಸ ಅಂತ ಎದೆ ಉಬ್ಬಿಸಿ ಹೇಳಿಕೊಳ್ಳುವಂಥದ್ದು ನಾನು ಮಾಡಿದ್ದು ಆವತ್ತು ಒಂದು ಸಲ. ಟೀ ಮುಗಿಯುವಷ್ಟರಲ್ಲಿ ನಮ್ಮ ಮ್ಯಾನೇಜರ ಫೋನು ಬಂತು. ನಮ್ಮ ಮ್ಯಾನೇಜರು ಎಂದೂ ಬೈದವರಲ್ಲ. ಮೆತ್ತಗೆ ಮಾತಾಡಿಯೇ ಮೂಳೆ ಮುರಿಯುತ್ತಿದ್ದರು.

"ರುದ್ರಪ್ಪ, ನಿಮ್ಮ ಕೆಲಸ ಮೆಷಿನ್ ಓಡಿಸೋದೋ, ನಿಲ್ಲಿಸೋದೋ?"

"ಸಾರ್, ಕಿಟಕಿ..."

"ಕಿಟಕಿ ಅವರದು. ಮೆಷಿನ್ ಅವರದು. ಕಣ್ಣೂ ಅವರದೇ. ಕೀಲಿ ಕೊಡಿ."

ಕೊಟ್ಟೆ. ಬಸವರಾಜಪ್ಪನವರು ನನ್ನ ಬೆನ್ನು ತಟ್ಟಿ, "ಬೇಜಾರು ಮಾಡ್ಕಬ್ಯಾಡ, ನಿನ್ನ ಕರ್ತವ್ಯ ನೀನು ಮಾಡ್ದೆ" ಅಂತ ಇನ್ನೊಂದು ಟೀ ತರಿಸಿದರು. ಕುಡಿದೆ. ಬೆಂಚಿನ ಮೇಲೆ ಎಷ್ಟು ಜನ ಕೂತರು, ಯಾರ ಕಣ್ಣಿಗೆ ಏನಾಯಿತು, ನನಗೆ ಇವತ್ತಿಗೂ ಗೊತ್ತಿಲ್ಲ. ಈ ಕೆಲಸದ ದೊಡ್ಡ ಸಂಕಟ ಇದೇ. ಕೆಟ್ಟದ್ದು ಆದದ್ದೂ ತಿಳಿಯುವುದಿಲ್ಲ, ಆಗದೆ ಉಳಿದದ್ದೂ ತಿಳಿಯುವುದಿಲ್ಲ.

ಬರೀ ಬೇರೆಯವರ ತಪ್ಪು ಹೇಳಿದರೆ ಹೆಂಗೆ? ಜಗಳೂರಿನಲ್ಲಿ ತಿಪ್ಪೇಸ್ವಾಮಿ ಅಂತ ಒಬ್ಬರು ಮೆಕ್ಕೆಜೋಳ ಬಿಡಿಸುವ ಮೆಷಿನ್ನಿಗೆ ಜರಡಿ ತಟ್ಟೆ ಕತ್ತರಿಸುತ್ತಿದ್ದರು. ಅವರದು ಮೇಲೆ ತೆರೆದಿರುವ, ಪೆಟ್ಟಿಗೆ ಇಲ್ಲದ ಅಗ್ಗದ ಮೆಷಿನ್ನು. ಅಂಥ ಕಡೆ ಕನ್ನಡಕ ಇಲ್ಲದೆ ಒಳಗೆ ಕಾಲಿಡಬಾರದು. ತಿಪ್ಪೇಸ್ವಾಮಿ ಅಪರೂಪದ ಯಜಮಾನ. ತಾವೇ ಕೇಳಿದರು: "ನಮ್ಮ ನಾಕು ಜನಕ್ಕೂ ಕನ್ನಡಕ ತಂದುಕೊಡ್ರಿ ರುದ್ರಣ್ಣ. ಅವರ ಮನೆಯೋರಿಗೆ ನಾನು ಉತ್ತರ ಕೊಡಬೇಕು."

ನಮ್ಮ ಸ್ಟೋರಿನಲ್ಲಿ ಒಂದು ಡಬ್ಬಿ ಕನ್ನಡಕ ಇದ್ದವು. ತಿಳಿ ಗಾಜಿನಂಥವು, ಹಗುರ. 'ಲೇಸರ್ ಸೇಫ್ಟಿ' ಅಂತ ಡಬ್ಬಿಯ ಮೇಲೆ ಬರೆದಿತ್ತು. ತಂದುಕೊಟ್ಟೆ. ನಾಲ್ಕೂ ಜನ ಬಲು ನಿಯತ್ತಿನಿಂದ ದಿನಾ ಹಾಕಿಕೊಂಡರು. ಆರು ತಿಂಗಳು ಕಳೆದ ಮೇಲೆ ಒಂದು ದಿನ ಅವರಲ್ಲೊಬ್ಬ ಕನ್ನಡಕ ಒರೆಸುತ್ತಾ, "ಇಲ್ಲೇನೋ ಸಣ್ಣಕೆ ನಂಬರ್ ಐತಲ್ಲ, ಏನ್ರಿ ಅದು?" ಅಂದ. ಓದಿದೆ. ಹತ್ತು ಸಾವಿರದ ಆರುನೂರು. ಆ ಕನ್ನಡಕ ಯಾವ ಜಾತಿಯ ಕಿರಣವನ್ನು ತಡೆಯುತ್ತೆ ಅಂತ ಹೇಳುವ ನಂಬರು.

ಅದು ಅಕ್ರಿಲಿಕ್ಕಿನ ಬೋರ್ಡು ಕತ್ತರಿಸುವ ಬೇರೆಯೇ ಜಾತಿಯ ಲೇಸರಿನ ಕನ್ನಡಕ. ಉಕ್ಕು ಕತ್ತರಿಸುವ ಫೈಬರ್ ಲೇಸರಿಗೆ ಸಾವಿರದ ಎಪ್ಪತ್ತರ ಆಸುಪಾಸಿನ ಅಂಕಿ ಅದರ ಮೇಲೆ ಇರಬೇಕು. ಆ ನಾಲ್ಕು ಜನ ಆರು ತಿಂಗಳು ಮುಖದ ಮೇಲೆ ನನ್ನ ನಂಬಿಕೆಯನ್ನು ಹಾಕಿಕೊಂಡು ಕೆಲಸ ಮಾಡಿದ್ದರು, ಬೇರೇನೂ ಅಲ್ಲ. ಬರಿಗಣ್ಣಾಗಿದ್ದರೆ ಅಳುಕಿನಿಂದಾದರೂ ದೂರ ನಿಲ್ಲುತ್ತಿದ್ದರು. ಕನ್ನಡಕ ಇದೆ ಅನ್ನುವ ಧೈರ್ಯಕ್ಕೆ ಹತ್ತಿರ ಬಗ್ಗಿ ನೋಡಿದ್ದರು. ನಾನು ನಾಲ್ಕೂ ಜನರನ್ನು ದಾವಣಗೆರೆಗೆ ಕರೆದುಕೊಂಡು ಹೋಗಿ ಕಣ್ಣು ತೋರಿಸಿದೆ. ಏನೂ ಆಗಿರಲಿಲ್ಲ. ಬಸ್ಸಿನಲ್ಲಿ ವಾಪಸು ಬರುವಾಗ ಅವರು ನನಗೆ ಮಂಡಕ್ಕಿ ಕೊಡಿಸಿದರು! ತಿಪ್ಪೇಸ್ವಾಮಿ ಮಾತ್ರ ಒಂದೇ ಮಾತು ಹೇಳಿದರು.

"ಗೊತ್ತಿಲ್ಲ ಅಂದಿದ್ರೆ ಬೇರೆ ಯಾರನ್ನಾದ್ರೂ ಕೇಳ್ತಿದ್ವಿ ರುದ್ರಣ್ಣ. ಗೊತ್ತೈತೆ ಅನ್ನೋ ಹಂಗೆ ಕೊಟ್ರಲ್ಲ."

ಆ ಮಾತು ಒಂದು ವರ್ಷ ನೆನಪಿತ್ತು. ಅದಕ್ಕಿಂತ ಹೆಚ್ಚು ಇರಲಿಲ್ಲ ಅನ್ನುವುದು ಮುಂದೆ ತಿಳಿಯುತ್ತೆ.

ಆಮೇಲೆ ಬಂತು ಕೈಯಲ್ಲಿ ಹಿಡಿಯುವ ಲೇಸರ್ ವೆಲ್ಡಿಂಗು. ಗನ್ನು ಅಂತಲೇ ಎಲ್ಲರೂ ಕರೆಯುವುದು. ಕಟಿಂಗ್ ಮೆಷಿನ್ನಿಗೆ ಪೆಟ್ಟಿಗೆಯಾದರೂ ಇತ್ತು. ಇದಕ್ಕೆ ಅದೂ ಇಲ್ಲ. ಅದೇ ಶಕ್ತಿಯ ಕಿರಣ, ಮನುಷ್ಯನ ಕೈಯಲ್ಲಿ, ಬಯಲಲ್ಲಿ. ಹಳೆ ವೆಲ್ಡಿಂಗ್ ಕಲಿಯುವುದಕ್ಕೆ ವರ್ಷಗಟ್ಟಲೆ ಬೇಕು, ಇದನ್ನು ಒಂದು ವಾರದಲ್ಲಿ ಯಾರು ಬೇಕಾದರೂ ಕಲಿಯುತ್ತಾರೆ. ಅದೇ ಇದರ ಗುಣ, ಅದೇ ಇದರ ವಿಷ.

ಕೈಗನ್ನು ಮಾಡಿದವರು ಒಂದೇ ಒಂದು ಒಳ್ಳೆಯ ಬುದ್ಧಿ ಉಪಯೋಗಿಸಿದ್ದರು. ಮೆಷಿನ್ನಿನಿಂದ ಒಂದು ವೈರು ಬರುತ್ತೆ, ಅದರ ತುದಿಗೆ ಒಂದು ಕ್ಲಿಪ್ಪು. ಆ ಕ್ಲಿಪ್ಪನ್ನು ವೆಲ್ಡ್ ಮಾಡುವ ತಗಡಿಗೆ ಕಚ್ಚಿಸಬೇಕು. ಗನ್ನಿನ ತಾಮ್ರದ ಮೂತಿ ಆ ತಗಡಿಗೆ ತಾಗಿದಾಗ ಮಾತ್ರ ಕಿರಣ ಬರುತ್ತೆ. ಮೂತಿ ಗಾಳಿಯಲ್ಲಿದ್ದರೆ ಟ್ರಿಗರ್ ಎಷ್ಟು ಒತ್ತಿದರೂ ಬರುವುದಿಲ್ಲ. ಕೈ ತಪ್ಪಿದರೂ, ಗನ್ನು ಜಾರಿದರೂ ಯಾರ ಕಣ್ಣೂ ಹೋಗುವುದಿಲ್ಲ. ಇಷ್ಟೇ. ಬಟ್ಟೆ ಒಣಗಿಸುವ ಕ್ಲಿಪ್ಪಿಗಿಂತ ಸ್ವಲ್ಪ ದೊಡ್ಡದು.

ಹೊನ್ನಾಳಿಯಲ್ಲಿ ಕರಿಬಸಪ್ಪ ಅಂತ ಗೇಟು, ಗ್ರಿಲ್ಲಿನ ಕೆಲಸದವನು. ನಾನು ಜಗಳೂರಿನಲ್ಲಿ ಒಂದು ಮೆಷಿನ್ನಿನ ಹೊಟ್ಟೆ ಬಿಚ್ಚಿಕೊಂಡು ಕೂತಿದ್ದಾಗ ಅವನ ಫೋನು.

"ಗನ್ನು ಸತ್ತೈತೆ ರುದ್ರಣ್ಣ. ಒತ್ತಿದ್ರೆ ಬರೀ ಗ್ಯಾಸ್ ಬರ್ತೈತೆ, ಬೆಂಕಿ ಬರವಲ್ದು. ಗೃಹಪ್ರವೇಶದ ಗೇಟು, ನಾಳೆ ಬೆಳಿಗ್ಗೆ ನಿಲ್ಲಿಸ್ಬೇಕು. ಈಗ್ಲೇ ಬರ್ರಿ."

"ನಾನು ಜಗಳೂರಾಗದೀನಿ ಮಾರಾಯ. ಹಾರ್ಕೊಂಡು ಬರಾಕಾಗ್ತೈತಾ?"

"ಏನಾರಾ ಮಾಡ್ರಿ. ನಿಮ್ಮ ಕಾಲಿಗೆ ಬೀಳ್ತೀನಿ."

ತಗಡಿನ ಮೇಲೆ ತುಕ್ಕೋ ಬಣ್ಣವೋ ಇದ್ದರೆ ಕ್ಲಿಪ್ಪು ಸರಿಯಾಗಿ ಕಚ್ಚುವುದಿಲ್ಲ, ಗನ್ನು ಸತ್ತ ಹಾಗೆ ಕಾಣುತ್ತೆ. ಬಣ್ಣ ಕೆರೆದು ಹಾಕು ಅಂದಿದ್ದರೆ ಮುಗಿಯುತ್ತಿತ್ತು. ಆದರೆ ಗನ್ನು ಕೆಟ್ಟಿದೆಯೋ, ಕ್ಲಿಪ್ಪಿನ ತೊಂದರೆಯೋ ತಿಳಿಯಬೇಕಿತ್ತು. ನಾನು ಅಂದೆ, "ಆ ಕ್ಲಿಪ್ಪನ್ನ ಬಿಚ್ಚಿ ಗನ್ನಿನ ಮೂತಿಗೇ ಹಾಕಿ ಒತ್ತಿ ನೋಡು."

ಫೋನು ಕೆಳಗಿಟ್ಟು ಹಾಕಿ ನೋಡಿದ. ಆಮೇಲೆ ಫೋನಿನಲ್ಲೇ ಕುಣಿದ.

"ಬಂತು! ಎದ್ದು ಕೂತ್ಕಂತು ನೋಡ್ರಿ! ರುದ್ರಣ್ಣ ನೀವು ದೇವರು."

ದೇವರು ಅನ್ನಿಸಿಕೊಂಡವನು ಮುಂದಿನ ಮಾತು ಆಡಲಿಲ್ಲ. ಪರೀಕ್ಷೆ ಆಯಿತು, ಇನ್ನು ತೆಗೆದು ತಗಡಿಗೆ ಹಾಕು ಅಂತ ಹೇಳಬೇಕಿತ್ತು. ಕ್ಲಿಪ್ಪು ಮೂತಿಗೇ ಕಚ್ಚಿದ್ದರೆ ಮೂತಿ ಸದಾ ತಗಡಿಗೆ ತಾಗಿದೆ ಅಂತಲೇ ಮೆಷಿನ್ನು ತಿಳಿಯುತ್ತೆ, ಗಾಳಿಯಲ್ಲಿ ಒತ್ತಿದರೂ ಕಿರಣ ಬರುತ್ತೆ. ಕೈಯಲ್ಲಿ ಬಿಚ್ಚಿದ ಮೆಷಿನ್ನು, ಕಿವಿಯಲ್ಲಿ ಹೊಗಳಿಕೆ. ಹೇಳಲಿಲ್ಲ.

ವೆಲ್ಡಿಂಗಿನವರಿಗೆ ಗಂಟೆಗೊಂದು ಸಲ ಕ್ಲಿಪ್ಪು ಬಿಚ್ಚಿ ಇನ್ನೊಂದು ತಗಡಿಗೆ ಹಾಕುವುದು ದೊಡ್ಡ ತಲೆನೋವು. ಮೂತಿಗೇ ಕಚ್ಚಿಸಿಬಿಟ್ಟರೆ ಬೆಳಿಗ್ಗೆಯಿಂದ ಸಂಜೆವರೆಗೂ ಮುಟ್ಟಬೇಕಾಗಿಲ್ಲ. ಕರಿಬಸಪ್ಪ ಅದನ್ನು ತನ್ನ ಷಡ್ಡಕನಿಗೆ ಹೇಳಿದ, ಅವನು ಮತ್ತೊಬ್ಬನಿಗೆ. ಎರಡು ತಿಂಗಳಲ್ಲಿ ನನ್ನ ನಾಲ್ಕೂ ತಾಲ್ಲೂಕಿನಲ್ಲಿ ಯಾವ ಶೆಡ್ಡಿಗೆ ಹೋದರೂ ಕ್ಲಿಪ್ಪು ಮೂತಿಯ ಮೇಲೆ ಕೂತಿತ್ತು. ಅದಕ್ಕೊಂದು ಹೆಸರೂ ಬಿದ್ದಿತ್ತು: ರುದ್ರಣ್ಣನ ಕ್ಲಿಪ್ಪು. "ನೋಡ್ರಿ, ನಿಮ್ದೇ ಪದ್ಧತಿ" ಅಂತ ತೋರಿಸುತ್ತಿದ್ದರು, ಮಗುವಿಗೆ ನನ್ನ ಹೆಸರಿಟ್ಟವರ ಹಾಗೆ. ಮೊದಲ ಕೆಲವು ಕಡೆ ತೆಗೆಸಿದೆ. "ಹೇಳಿಕೊಟ್ಟೋರೂ ನೀವೇ, ಬ್ಯಾಡ ಅನ್ನೋರೂ ನೀವೇ" ಅಂತ ನಕ್ಕರು. ಆಮೇಲೆ ತೆಗೆಸುವುದನ್ನು ಬಿಟ್ಟೆ. ಒಂದು ನಿಜ ಹೇಳುತ್ತೇನೆ. ಆ ಹೆಸರು ಕೇಳಿದಾಗ ಒಳಗೊಳಗೇ ಸ್ವಲ್ಪ ಖುಷಿಯೂ ಆಗುತ್ತಿತ್ತು.

ನ್ಯಾಮತಿಯಲ್ಲಿ ಸ್ಟೀಲಿನ ಹಂಡೆ, ಹೋಟೆಲ್ಲಿನ ಟೇಬಲ್ಲು ಮಾಡುವ ಶೆಡ್ಡು. ಅಲ್ಲಿ ಹಾಲಮ್ಮ ಅನ್ನುವವಳು ಗನ್ನು ಹಿಡಿಯುತ್ತಿದ್ದಳು. ಮೂವತ್ತೈದು ವರ್ಷ ಇದ್ದೀತು. ಮೊದಲು ಅಲ್ಲೇ ಪಾಲಿಶ್ ಹೊಡೆಯುವ ಕೆಲಸ. ಗಂಡ ಲಾರಿ ಡ್ರೈವರು, ಮನೆಯಲ್ಲಿ ಅತ್ತೆ. ಅತ್ತೆಗೆ ಸೊಸೆ ಬೆಂಕಿಯ ಕೆಲಸ ಮಾಡುವುದು ಸುತರಾಂ ಇಷ್ಟವಿರಲಿಲ್ಲ. "ಗಂಡಸ್ರ ಕೆಲ್ಸಕ್ಕೆ ಕೈ ಹಾಕ್ತಾಳೆ" ಅಂತ ದಿನಾ ಗೊಣಗು. ಹಾಲಮ್ಮ ನಗುತ್ತಿದ್ದಳು.

"ಅಣ್ಣ, ನಮ್ಮತ್ತೆ ಸೌದೆ ಒಲೆ ಊದಿ ಊದಿ ಕಣ್ಣು ಕೆಡಿಸಿಕೊಂಡೋರು. ಈಗ ನನಗೆ ಬೆಂಕಿ ಬ್ಯಾಡ ಅಂತಾರೆ."

ಅವಳ ಕೈ ಎಷ್ಟು ನೀಟು ಅಂದರೆ, ಅವಳು ಹಾಕಿದ ಬೆಸುಗೆಯ ಗೆರೆ ಮೇಲೆ ಬೆರಳಾಡಿಸಿದರೆ ಹಂಡೆಗೆ ಬಾಯಿ ಎಲ್ಲಿ, ಹೊಟ್ಟೆ ಎಲ್ಲಿ ಕೂಡಿದೆ ಅಂತ ತಿಳಿಯುತ್ತಿರಲಿಲ್ಲ. ಹಳೆ ವೆಲ್ಡರುಗಳೇ ಬಂದು ನೋಡಿ ಹೋಗುತ್ತಿದ್ದರು. ಮುಖಕ್ಕೆ ಶೆಡ್ಡಿನವರು ಅವಳಿಗೆ ಕೊಟ್ಟದ್ದು ಆರ್ಕ್ ವೆಲ್ಡಿಂಗಿನ ಹಳೇ ಕಪ್ಪು ಹೆಲ್ಮೆಟ್ಟು. ಲೇಸರಿನ ಕನ್ನಡಕ ಅವಳು ಕೇಳಿದ್ದಕ್ಕೆ ಯಜಮಾನ, "ಕಪ್ಪು ಗ್ಲಾಸಿಗಿಂತ ಇನ್ನೇನು ಬೇಕು?" ಅಂದಿದ್ದ. ಅದು ಲೇಸರಿಗೆ ಸಾಲದು ಅಂತ ನಾನು ಒಂದು ಸಲ ಹೇಳಿದೆ, ಎರಡನೇ ಸಲ ಹೇಳಲಿಲ್ಲ. ಗನ್ನಿನ ಮೂತಿಗೆ ಕ್ಲಿಪ್ಪು ಕಚ್ಚಿತ್ತು. ಅದನ್ನೂ ನೋಡಿದ್ದೆ.

ಆವತ್ತು ಆದದ್ದು ಇಷ್ಟು. ಹಂಡೆಯ ಒಂದು ಸುತ್ತು ಬೆಸುಗೆ ಮುಗಿಸಿ, ಸರಿ ಬಂದಿದೆಯೋ ನೋಡುವುದಕ್ಕೆ ಹೆಲ್ಮೆಟ್ ಮೇಲೆತ್ತಿದಳು. ಗನ್ನು ಬಲಗೈಯಲ್ಲೇ ಇತ್ತು. ಹಂಡೆ ತಿರುಗಿಸುವಾಗ ಬೆರಳು ಟ್ರಿಗರಿಗೆ ತಾಗಿತು. ಮೂತಿ ಗಾಳಿಯಲ್ಲಿತ್ತು. ಕ್ಲಿಪ್ಪು ಅದರ ಜಾಗದಲ್ಲಿದ್ದಿದ್ದರೆ ಏನೂ ಬರುತ್ತಿರಲಿಲ್ಲ. ಕಿರಣ ಹಂಡೆಯ ಒಳಮೈಗೆ ಬಿತ್ತು. ಕನ್ನಡಿಯ ಹಾಗೆ ಪಾಲಿಶ್ ಮಾಡಿದ ಒಳಮೈ, ಹಿಂದೆ ಅವಳೇ ಮಾಡುತ್ತಿದ್ದ ಕೆಲಸ. ಅಲ್ಲಿಂದ ತಿರುಗಿ ಬಂತು.

"ಕಣ್ಣೊಳಗೆ ಪಟ್ ಅಂದಂಗಾತು ಅಣ್ಣ. ನೋವೇನಿಲ್ಲ. ಯಾರೋ ಫೋಟೋ ತೆಗ್ದಂಗೆ ಬೆಳ್ಳಗಾತು. ಮತ್ತೆ ಕೆಲ್ಸ ಮಾಡ್ದೆ" ಅಂತ ಅವಳು ನನಗೆ ಹೇಳಿದ್ದು ಎಂಟು ದಿನದ ಮೇಲೆ. ಸಂಜೆವರೆಗೂ ಇನ್ನೆರಡು ಹಂಡೆ ಮುಗಿಸಿದ್ದಳಂತೆ. ಮಾರನೇ ದಿನ ಅಕ್ಕಿ ಆರಿಸುವಾಗ ಗೊತ್ತಾಯಿತು. "ಕಲ್ಲಿನ ಸುತ್ತ ಇರೋ ಅಕ್ಕಿ ಎಲ್ಲ ಕಾಣ್ತೈತೆ, ಕಲ್ಲು ಮಾತ್ರ ಕಾಣವಲ್ದು. ಯಾವುದನ್ನ ನೋಡ್ಬೇಕು ಅಂತೀನೋ ಅದೇ ಇಲ್ಲ." ದಾವಣಗೆರೆಯ ಕಣ್ಣಿನ ಡಾಕ್ಟರು ಪರದೆಯ ನಟ್ಟ ನಡುವೆ ಸುಟ್ಟಿದೆ, ಇದಕ್ಕೆ ಔಷಧಿಯಿಲ್ಲ, ಆಪರೇಷನ್ನೂ ಇಲ್ಲ ಅಂದರು.

ಕಾರ್ಮಿಕ ಇಲಾಖೆಯ ಕಚೇರಿಯಿಂದ ವಿಚಾರಣೆ ಅಂತ ಆಯಿತು. ಮೆಷಿನ್ನು ಸರಿಯಿತ್ತೋ ಇಲ್ಲವೋ ಅನ್ನುವುದಕ್ಕೆ ಸರ್ವಿಸಿನವನ ರಿಪೋರ್ಟು ಬೇಕು. ಮ್ಯಾನೇಜರು ನನ್ನನ್ನು ಕರೆದು ಎದುರಿಗೆ ಕೂರಿಸಿ ತಾವೇ ನೀರಿನ ಲೋಟ ಮುಂದೆ ಇಟ್ಟರು.

"ಮೆಷಿನ್ನಲ್ಲಿ ದೋಷ ಇಲ್ಲ. ಹೌದಾ?"

"ಹೌದು ಸಾರ್."

"ಸೇಫ್ಟಿ ಕ್ಲಿಪ್ಪು ಅದರ ಜಾಗದಲ್ಲಿ ಇರಲಿಲ್ಲ. ಹೌದಾ?"

"ಹೌದು. ಆದ್ರೆ ಅದನ್ನ ಹೇಳಿಕೊಟ್ಟಿದ್ದು..."

"ಅದನ್ನ ನಾನು ಕೇಳಲಿಲ್ಲ. ಕೆಲಸ ಮಾಡುವವರು ಸುರಕ್ಷತಾ ಕ್ಲಿಪ್ಪನ್ನು ತೆಗೆದು ಅಜಾಗರೂಕತೆಯಿಂದ ಉಪಯೋಗಿಸಿದ್ದಾರೆ. ಇದರಲ್ಲಿ ಸುಳ್ಳು ಯಾವುದು, ತೋರಿಸಿ."

ತೋರಿಸುವುದಕ್ಕೆ ಆಗಲಿಲ್ಲ. ಒಂದೊಂದು ಪದವೂ ನಿಜವೇ ಇತ್ತು. ನಿಜವನ್ನು ಹಿಂಗೂ ಜೋಡಿಸಬಹುದು ಅಂತ ಆವತ್ತು ಕಲಿತೆ. ರಿಟೈರಾಗುವುದಕ್ಕೆ ಏಳು ತಿಂಗಳು ಇತ್ತು. ಕಡೆಯ ಏಳು ತಿಂಗಳಿಗೆ ಕಳಂಕ ಹೊತ್ತುಕೊಂಡು ಹೋಗುವುದು ಬೇಡ ಅನಿಸಿತು. ಸೈನು ಹಾಕಿದೆ.

ವಿಚಾರಣೆಯಲ್ಲಿ ಹಾಲಮ್ಮನನ್ನು ಕೇಳಿದರಂತೆ, ಕ್ಲಿಪ್ಪು ಮೂತಿಗೆ ಹಾಕಲು ಯಾರು ಹೇಳಿದರು ಅಂತ. ಶೆಡ್ಡಿನಲ್ಲಿ ಎಲ್ಲರೂ ಅದನ್ನು ನನ್ನ ಹೆಸರಿನಿಂದಲೇ ಕರೆಯುತ್ತಿದ್ದರು, ಅವಳಿಗೂ ಗೊತ್ತು. "ಯಾರೂ ಹೇಳಿಲ್ಲ, ಎಲ್ಲಾರೂ ಹಂಗೇ ಮಾಡ್ತಾರೆ" ಅಂದಳಂತೆ. ಯಾಕಮ್ಮ ಹಂಗೆ ಅಂದೆ ಅಂತ ಆಮೇಲೆ ಕೇಳಿದ್ದಕ್ಕೆ, "ನೀವು ಕಡೇಗಾಲದಾಗೆ ಅದೀರಿ ಅಣ್ಣ, ನಿಮಗ್ಯಾಕೆ ತೊಂದ್ರೆ? ನಿಜ ಏನೈತೋ ಅದನ್ನ ನೀವು ಬರದಿರ್ತೀರಿ ಅಂದ್ಕಂಡೆ" ಅಂದಳು. ರಿಪೋರ್ಟಿನಲ್ಲಿ ಏನಿದೆ ಅಂತ ಅವಳಿಗೆ ಆಗ ಇನ್ನೂ ಗೊತ್ತಿರಲಿಲ್ಲ. ನಾನು ಹೇಳಲೂ ಇಲ್ಲ. ಬಸ್ಸು ಬಂತು ಅಂತ ನೆಪ ಹೇಳಿ ಎದ್ದು ಬಂದೆ.

ಅವಳದೇ ಅಜಾಗರೂಕತೆ ಅಂತ ತೀರ್ಮಾನವಾಯಿತು. ಪರಿಹಾರದ ಮಾತು ಏಳಲಿಲ್ಲ. ಒಂದು ಕಣ್ಣಿನವಳಿಗೆ ಗನ್ನು ಕೊಡುವುದಿಲ್ಲ ಅಂತ ಶೆಡ್ಡಿನಲ್ಲಿ ಬೇಡ ಅಂದರು. ಪಾಲಿಶ್ ಕೆಲಸವೂ ಇಲ್ಲ ಅಂದರು.

ರಿಟೈರಾದ ದಿನ ಶಾಲು ಹೊದಿಸಿ, ಮೈಸೂರು ಪಾಕು ತಿನ್ನಿಸಿ, ನನ್ನ ಸೇವೆಯಲ್ಲಿ ಒಂದೂ ಕಪ್ಪು ಚುಕ್ಕೆ ಇಲ್ಲ ಅಂತ ಮ್ಯಾನೇಜರು ಮಾತಾಡಿದರು. ಚಪ್ಪಾಳೆ ತಟ್ಟಿದರು. ಕಪ್ಪು ಚುಕ್ಕೆ ಎಲ್ಲಿದೆ ಅಂತ ಆ ಕೋಣೆಯಲ್ಲಿ ನನಗೆ ಒಬ್ಬನಿಗೇ ಗೊತ್ತಿತ್ತು. ಅದು ಹಾಲಮ್ಮನ ಬಲಗಣ್ಣಿನ ನಡುವೆ ಇತ್ತು, ಅವಳು ಎತ್ತ ನೋಡಿದರೂ ಅತ್ತಲೇ ಬರುತ್ತಿತ್ತು.

ಒಂದೂವರೆ ವರ್ಷ ಮನೆಯಲ್ಲಿ ಕೂತೆ. ಹೋದ ವರ್ಷ ಒಂದು ದಿನ ಬಿಳಿ ಹಾಳೆ ತೆಗೆದುಕೊಂಡು, ಆ ಕ್ಲಿಪ್ಪಿನ ಪದ್ಧತಿ ಹೇಳಿಕೊಟ್ಟವನು ನಾನು, ಅದು ತಪ್ಪು ಅಂತ ತಿಳಿದೂ ತಡೆಯದವನು ನಾನು, ಹೆಲ್ಮೆಟ್ಟು ಸಾಲದು ಅಂತ ಗೊತ್ತಿದ್ದೂ ಸುಮ್ಮನಾದವನು ನಾನು, ನನ್ನ ರಿಪೋರ್ಟು ಅರ್ಧ ಮಾತ್ರ ಅಂತ ಬರೆದು ಸೈನು ಮಾಡಿ, ವಿಚಾರಣೆ ನಡೆಸಿದ್ದ ಕಚೇರಿಗೆ ಕೊಟ್ಟು ಬಂದೆ. ಅಲ್ಲಿನ ಅಧಿಕಾರಿ ಎರಡು ಸಲ ಓದಿ, "ಇದನ್ನ ಮತ್ತೆ ಎತ್ತಿಕೊಳ್ಳಬಹುದು, ನೋಡೋಣ" ಅಂದರು. ಅದರ ಪ್ರತಿ ಹಿಡಿದು ನ್ಯಾಮತಿಗೆ ಹೋದೆ.

ಹಾಲಮ್ಮ ಸಂತೆಯ ಬೀದಿಯಲ್ಲಿ ತರಕಾರಿ ಇಟ್ಟುಕೊಂಡು ಕೂತಿದ್ದಳು. ಕಾಗದ ಕೊಟ್ಟೆ. ತಲೆ ಓರೆ ಮಾಡಿ, ಎಡಗಣ್ಣಿಗೆ ಹತ್ತಿರ ಹಿಡಿದು, ನಿಧಾನವಾಗಿ ಪೂರ್ತಿ ಓದಿದಳು. ನಡುವೆ ಒಬ್ಬರು ಬದನೆಕಾಯಿ ಕೇಳಿದರು, ತೂಗಿ ಕೊಟ್ಟು ಮತ್ತೆ ಓದಿದಳು. ಮಡಚಿದಳು.

"ಹಂಗಾದ್ರೆ ನಂದೇ ತಪ್ಪು ಅಂತ ಆ ಮೊದಲಿನ ಕಾಗದ ಬರದಿದ್ದು ನೀವೇನಾ?"

"ಹೌದಮ್ಮ."

"ಶೆಡ್ಡಿನೋರು ಬರ್ಸಿದ್ದು ಅಂದ್ಕಂಡಿದ್ದೆ."

ನಾನು ಏನೋ ಹೇಳಲು ಹೋದೆ. ಅವಳು ಕೈ ಎತ್ತಿದಳು.

"ಕಚೇರಿಗೆ ಕೊಟ್ರಿ, ಸರಿ. ನನ್ನ ಬಿಟ್ರೆ ನಮ್ಮ ಮನ್ಯಾಗೆ ಯಾರೂ ಕಾಗದ ಓದಾಕಿಲ್ಲ. ಎರಡು ವರ್ಷದಿಂದ ದಿನಾ ಬೆಳಿಗ್ಗೆ ಎದ್ದು ಅತ್ತೆ ಬಾಯಾಗೆ ಇದೇ ಕೇಳ್ತೀನಿ, ಕೊಬ್ಬಿಗೆ ಕಣ್ಣು ಸುಟ್ಕಂಡ್ಲು, ಕೊಬ್ಬಿಗೆ ಕಣ್ಣು ಸುಟ್ಕಂಡ್ಲು. ನನಗೂ ಹೌದೇನೋ ಅನ್ಸಾಕೆ ಹತ್ತೈತೆ. ಬರ್ರಿ. ನಮ್ಮತ್ತೆ ಮುಂದೆ ಬಾಯಿ ಬಿಟ್ಟು ಹೇಳ್ರಿ."

ತರಕಾರಿಯನ್ನು ಪಕ್ಕದವಳಿಗೆ ನೋಡಿಕೊಳ್ಳಲು ಹೇಳಿ ಮುಂದೆ ನಡೆದಳು. ಎಡಗಡೆಗೆ ಕತ್ತು ತಿರುಗಿಸದೆ, ಬಲಗಡೆಗೆ ಮಾತ್ರ ಮತ್ತೆ ಮತ್ತೆ ತಿರುಗಿಸಿ ರಸ್ತೆ ದಾಟಿದಳು. ಮನೆ ಹತ್ತಿರದಲ್ಲೇ. ಅತ್ತೆ ಕಟ್ಟೆಯ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ಹಾಲಮ್ಮ ನನಗೆ ಕೂತುಕೊಳ್ಳಿ ಅನ್ನಲಿಲ್ಲ. ನಿಂತೇ ಹೇಳಿದೆ. ಕ್ಲಿಪ್ಪು ಅಂದರೇನು, ಅದು ಎಲ್ಲಿರಬೇಕು, ಎಲ್ಲಿತ್ತು, ಯಾರಿಂದ ಅಲ್ಲಿಗೆ ಬಂತು. ಇಪ್ಪತ್ತು ವರ್ಷ ಟೀ ಕುಡಿಯುತ್ತಾ ಕಥೆ ಹೇಳಿದವನಿಗೆ ಇದನ್ನು ಹೇಳುವಾಗ ಒಂದು ವಾಕ್ಯವೂ ನೆಟ್ಟಗೆ ಬರಲಿಲ್ಲ. ಮುದುಕಿ ಕಾಯಿ ಸುಲಿಯುವುದು ನಿಲ್ಲಿಸಲಿಲ್ಲ. ಮುಗಿದ ಮೇಲೆ ತಲೆ ಎತ್ತಿದಳು.

"ಹಂಗಾದ್ರೆ ಇವಳ್ದು ತಪ್ಪಿಲ್ಲ?"

"ಇಲ್ಲ ತಾಯಿ."

"ಇವಳು ಕೊಬ್ಬಿಗೆ ಮಾಡಿದ್ದಲ್ಲ?"

"ಅಲ್ಲ."

"ನಾನು ಇವಳ್ನ ಬೈದಿದ್ದೆಲ್ಲ ಸುಳ್ಳಾತು?"

ಮುದುಕಿ ಅವರೆಕಾಯಿಯನ್ನು ಪಕ್ಕಕ್ಕೆ ಸರಿಸಿದಳು.

"ಎರಡು ವರ್ಷ ಎಲ್ಲಿಗೆ ಹೋಗಿದ್ದೆಪ್ಪ ನೀನು?"

ಹಾಲಮ್ಮ ಬಾಗಿಲ ಚೌಕಟ್ಟಿಗೆ ಒರಗಿ ನಿಂತಿದ್ದಳು. ಅತ್ತೆಯ ಮುಖವನ್ನು, ಅದೂ ಓರೆಯಾಗಿ, ಬಹಳ ಹೊತ್ತು ನೋಡಿದಳು. ಆಮೇಲೆ ನನ್ನ ಕಡೆ ತಿರುಗಿ ಹೇಳಿದಳು.

"ಹೊರಡ್ರಿ. ನಿಮ್ಮ ಬಸ್ಸಿಗೆ ಹೊತ್ತಾತು."

ಮುಂದಿನ ಬಸ್ಸಿಗೆ ಇನ್ನೂ ಒಂದು ಗಂಟೆ ಇತ್ತು. ಅವಳಿಗೂ ಅದು ಗೊತ್ತಿತ್ತು. ನಾನು ಚಪ್ಪಲಿ ಮೆಟ್ಟಿಕೊಂಡು ಹೊರಟೆ.